ಹೊರಗಿನ ಫಾದರ್ ಸಾಲಿನಲ್ಲಿ

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚೆ ನಮ್ಮ ಚರ್ಚಿನಲ್ಲಿ ಎಲ್ಲರೂ ಪಾಪನಿವೇದನೆ ಮಾಡುತ್ತೇವೆ. ಜನ ಜಾಸ್ತಿ ಇರುವುದರಿಂದ ಬೇರೆ ಊರುಗಳ ಫಾದರ್‌ಗಳೂ ಬರುತ್ತಾರೆ. ನಮ್ಮ ಫಾದರ್ ಮುಂದೆ ಹೆಂಗಸರು, ಮಕ್ಕಳು ನಿಲ್ಲುತ್ತಾರೆ. ನನ್ನಂಥ ಹಿರಿಯರೆಲ್ಲ ಹೊರಗಿನವರ ಸಾಲಿಗೆ ಹೋಗುತ್ತೇವೆ. ನಾಳೆ ಎದುರಿಗೆ ಸಿಗದವರಿಗೆ ಹೇಳುವುದು ಸುಲಭ. ಒಂಬತ್ತು ವರ್ಷ ನಾನು ಅಲ್ಲೇ ಮಂಡಿಯೂರಿ, "ಮನೆಯವರ ಮೇಲೆ ಕೋಪ ಮಾಡ್ಕೊಂಡೆ ಸ್ವಾಮಿ" ಎಂದಿದ್ದೇನೆ. ಐದು ಪರಲೋಕ ಮಂತ್ರ ಹೇಳಿ ಎಂದು ಅವರು ಕಳಿಸಿದ್ದಾರೆ.

ಅದು ಕೋಪವಾಗಿರಲಿಲ್ಲ.

ನನ್ನ ಸೊಸೆ ಕುಂದಾಣದ ಕಡೆಯ ಬೇಸಾಯಗಾರರ ಮನೆಯವಳು. ಜ್ಞಾನಸ್ನಾನ ಪಡೆದು ನಮ್ಮ ಸಭೆಗೆ ಸೇರಿ ನನ್ನ ಮಗನನ್ನು ಮದುವೆಯಾದಳು. ಮರುವರ್ಷವೇ ಅವಳ ತಾಯಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದಳು. ಹನ್ನೊಂದನೆಯ ದಿನದ ಕಾರ್ಯ ಶುಭ ಶುಕ್ರವಾರವೇ ಬಿತ್ತು. ಬೆಳಿಗ್ಗೆ ಹೊರಟು ನಿಂತವಳಿಗೆ ನಾನು ಹೇಳಿದೆ: "ಇವತ್ತು ಯೇಸುಸ್ವಾಮಿ ಪ್ರಾಣ ಬಿಟ್ಟ ದಿನ. ಈ ಮನೆಯಿಂದ ಯಾರೂ ತಿಥಿ ಊಟಕ್ಕೆ ಹೋಗಂಗಿಲ್ಲ."

ಮಗ ತಲೆ ತಗ್ಗಿಸಿದ. ಅವಳು ಸೀರೆ ಬದಲಿಸಿ ನಮ್ಮ ಜೊತೆ ಶಿಲುಬೆ ಹಾದಿಯ ಮೆರವಣಿಗೆಗೆ ಬಂದಳು. ಆ ವರ್ಷ ಶಿಲುಬೆ ಹೊತ್ತವನು ನಾನು. ಸೊಸೆ ಎಲ್ಲಿ ಎಂದು ಸಭೆಯವರು ಕೇಳಿದರೆ ಏನು ಹೇಳಲಿ ಎಂಬುದಷ್ಟೇ ನನ್ನ ಚಿಂತೆಯಾಗಿತ್ತು. ಅದನ್ನು ಮುಚ್ಚಲು ದೇವರ ಹೆಸರು ಹೇಳಿದೆ.

ಈ ವರ್ಷ ಹೊರಗಿನ ಫಾದರ್ ಒಬ್ಬರೂ ಬರಲಿಲ್ಲ. ನಮ್ಮ ಫಾದರ್ ಮುಂದೆಯೇ ಮಂಡಿಯೂರಿ ಅದೇ ಮಾತು ಹೇಳಿದೆ.

"ಮನೆಯವರು ಅಂದ್ರೆ ಯಾರು ತಾತ?"

ಅವರು ವಾರಕ್ಕೊಮ್ಮೆಯಾದರೂ ನನ್ನ ಸೊಸೆಯ ಕೈಯ ಕಾಫಿ ಕುಡಿಯುವವರು. ಅವರಿಗೆ ಎಲ್ಲ ಹೇಳಿದೆ.

"ಮಂತ್ರ ನಿಮಗೆ ಬಾಯಿಪಾಠ. ಹೋಗಿ ಆಕೆ ಹತ್ರ ಕ್ಷಮೆ ಕೇಳಿ. ಅದೇ ಪ್ರಾಯಶ್ಚಿತ್ತ."

ಸೊಸೆ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ, ತಪ್ಪು ಮಾಡಿದೆ ಕಣಮ್ಮಾ ಎಂದು. ಅವಳ ಕೈ ನಿಲ್ಲಲಿಲ್ಲ.

"ನನ್ ಹತ್ರ ಕೇಳಿದ್ರೆ ಏನ್ ಬಂತು ಮಾವ? ಅವತ್ತು ಎಲೆ ಹಾಕಿಸ್ಕೊಂಡು ಸಾಯಂಕಾಲದವರ್ಗೂ ಕಾದೋನು ನಮ್ಮಣ್ಣ. ಅವನ ಮನೆಗೆ ಬನ್ನಿ."

ಮುಂದಿನ ಭಾನುವಾರ ಇಬ್ಬರೂ ಹೋದೆವು. ಅವಳ ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಬನ್ನಿ ಬೀಗ್ರೆ. ಒಂಬತ್ ವರ್ಷ ಆಯ್ತು. ಬಸ್ ತಪ್ಪೋಗಿರ್ಬೇಕು ಅಂದ್ಕೊಂಡಿದ್ದೆ."

ಗೋಡೆಯ ಮೇಲಿದ್ದ ಅವನ ತಾಯಿಯ ಫೋಟೋ ಮುಂದೆ ನಿಂತು, ಹೇಳಬೇಕಾದ್ದನ್ನು ಹೇಳಿದೆ. ಅವನು ಊಟಕ್ಕೆ ಎಲೆ ಹಾಕಿಸಿದ.

ಒಳಗಿನಿಂದ ಕೋಳಿ ಸಾರಿನ ವಾಸನೆ ಬರುತ್ತಿತ್ತು. ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲ ಇನ್ನೂ ಮುಗಿದಿರಲಿಲ್ಲ; ಆ ನಲವತ್ತು ದಿನ ನಾನು ಮಾಂಸ ಮುಟ್ಟಿದವನಲ್ಲ. ಆದರೆ ಆ ಮನೆಯ ಊಟವನ್ನು ಇನ್ನೊಮ್ಮೆ ಬೇಡ ಎನ್ನಲು ನನಗೆ ಮುಖವಿರಲಿಲ್ಲ. ಏನು ಬಡಿಸಿದರೂ ತಿನ್ನುವುದೆಂದು ಕೂತೆ.

ನನ್ನ ಎಲೆಗೆ ಮುದ್ದೆಯ ಜೊತೆ ಬಂದದ್ದು ಸೊಪ್ಪಿನ ಸಾರು.

"ತಂಗಿ ಫೋನ್ ಮಾಡಿದ್ಲು. ಮಾವಂದು ಉಪವಾಸ, ಹಬ್ಬದವರ್ಗೂ ಕೋಳಿ ತಿನ್ನಲ್ಲ, ಬೇರೆ ಸಾರು ಮಾಡ್ಸು ಅಂತ" ಎಂದ ಅವಳ ಅಣ್ಣ.

ಸೊಸೆ ಪಕ್ಕದ ಎಲೆಯಲ್ಲಿ ಮುದ್ದೆ ಮುರಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಕ್ಷಮಿಸಿದೆ ಎಂದು ಅವಳು ಇವತ್ತಿಗೂ ಹೇಳಿಲ್ಲ. ನಾನು ಇನ್ನೊಂದು ಸಲ ಸಾರು ಹಾಕಿಸಿಕೊಂಡೆ.