ತುದಿಯಲ್ಲಿ ನಿಂತ ನಾಲ್ಕನೆಯವಳು

ಕರ್ರ್... ಕರ್ರ್... ಟಕ್. ಅಪ್ಪ ಕ್ಯಾಮೆರಾದ ರೀಲು ಮುಂದೆ ಸರಿಸುವ ಸಪ್ಪಳ. ಅದು ಕಿವಿಗೆ ಬಿದ್ದದ್ದೇ ತಡ, ಖಾನಾಪುರದ ನಮ್ಮ ಅಡುಗೆಮನೆಯಿಂದ ಅವ್ವನ ಕೂಗು: “ಏ, ಮೂರು ಮಂದಿ ನಿಂದರಬ್ಯಾಡ್ರಿ!”

ಮೂವರು ನಿಂತು ಫೋಟೋ ತೆಗೆಸಿಕೊಂಡರೆ ನಡುವಿನವರು ಬಾಳುವುದಿಲ್ಲ ಎಂದು ಅವ್ವನ ಗಟ್ಟಿ ನಂಬಿಕೆ. ಅಂದು ಹಿತ್ತಲಲ್ಲಿ ಅಕ್ಕ, ನಾನು, ತಂಗಿ ನಿಂತಿದ್ದೆವು. ನಡುವೆ ನಾನು. ಕಾನ್ವೆಂಟ್ ಹುಡುಗಿ, ನನಗೆ ಇದೆಲ್ಲ ಸೂಪರ್‌ಸ್ಟಿಷನ್. ಅವ್ವ ಕೇಳಬೇಕಲ್ಲ? ಬಾಜು ಮನೆಗೆ ಹೊಸದಾಗಿ ಮದುವೆಯಾಗಿ ಬಂದಿದ್ದ, ನಾವು ಅಕ್ಕನೆಂಬ ಅರ್ಥದಲ್ಲಿ ಆಪಾ ಎನ್ನುತ್ತಿದ್ದವಳನ್ನು ಗೋಡೆಯಾಚೆಯಿಂದ ಕರೆದಳು: “ಲಗೂನ ಬಾರವಾ, ನಾಕನೇದಾಕಿ ಆಗು!” ಅಕ್ಕಿ ಕೇರುತ್ತಿದ್ದ ಮೊರ ಹಿಡಿದೇ ಆಪಾ ಓಡಿ ಬಂದು ತುದಿಯಲ್ಲಿ ನಿಂತಳು. ಟಕ್.

ಹೋದ ವರ್ಷ ಆಪಾ, ನಾನು ಈಗಿರುವ ಹಿಂದವಾಡಿಯ ಮನೆಗೆ ಫೋನ್ ಮಾಡಿದಳು. “ನೀ ಹುಟ್ಟಿದಾಗಿಂದನ ಮುದುಕಿ ಅಂತ ಮೊಮ್ಮಗಳು ಚಾಷ್ಟಿ ಮಾಡ್ತಾಳ ತಂಗ್ಯವ್ವಾ. ಹರೇದಾಗಿಂದು ನಂದೊಂದೂ ಫೋಟೋ ಇಲ್ಲ. ಮೊರ ಹಿಡಕೊಂಡು ನಿಂತಿದ್ನಲ್ಲಾ, ಅದೊಂದ ನೋಡು. ಹುಡುಕಿ ಕೊಡು.”

ಆ ಫೋಟೋ ಎಂದೋ ಗೆದ್ದಲಿಗೆ ಹೋಗಿತ್ತು. ಅಪ್ಪನ ಹಳೆಯ ಡೈರಿಯಲ್ಲಿ ನೆಗೆಟಿವ್ ಮಾತ್ರ ಉಳಿದಿತ್ತು. ಸ್ಟುಡಿಯೋದವ ಅದನ್ನು ಬೆಳಕಿಗೆ ಹಿಡಿದು, “ಆಂಟಿ, ಇದನ್ನ ಈಗ ಇಲ್ಲಿ ಯಾರೂ ಮಾಡಂಗಿಲ್ರಿ. ಆನ್‌ಲೈನ್ ಕಂಪನಿಗೆ ಕಳಸ್ರಿ,” ಎಂದ. ಇದ್ದೊಂದು ನೆಗೆಟಿವನ್ನು ಎರಡು ರಟ್ಟಿನ ನಡುವೆ ಇಟ್ಟು ಕೊರಿಯರ್‌ಗೆ ಕೊಟ್ಟೆ. ಎಂಟು ದಿನಕ್ಕೆ ಲಿಂಕ್ ಬಂತು. ತೆರೆದರೆ ನಾಲ್ವರೂ ಇದ್ದೆವು! ಖುಷಿಯಲ್ಲಿ, ಗೋಡೆಗೆ ಚಂದ ಕಾಣುತ್ತದೆಂದು ಚೌಕ ಸೈಜು ಆರಿಸಿ, ‘ಆಟೋ ಫಿಟ್’ ಒತ್ತಿ, ಆರ್ಡರ್ ಮಾಡಿಯೇಬಿಟ್ಟೆ.

ಬಂದ ಪ್ರಿಂಟಿನಲ್ಲಿ ನಾವು ಮೂವರೇ. ಆಪಾಳ ಕಡೆ ಕತ್ತರಿಸಿಹೋಗಿ ಮೊರದ ತುದಿಯಷ್ಟೇ ಉಳಿದಿತ್ತು. ಹೌ ಕೇರ್‌ಲೆಸ್ ಆಫ್ ಮಿ! ಅವ್ವ ಇದ್ದಿದ್ದರೆ ನಾಲ್ಕು ಓಣಿಗೆ ಕೇಳುವಂತೆ ಕೂಗುತ್ತಿದ್ದಳು.

ಪ್ರಿಂಟು ಕಳಿಸಿದ ಕಂಪನಿಯ ನಂಬರಿಗೆ ಫೋನ್ ಹಚ್ಚಿದೆ. “ಪೂರ್ತಿ ಫೋಟೋ ಹಾಕಿದ್ರೆ ಮೇಲೆ ಕೆಳಗೆ ಬಿಳಿ ಜಾಗ ಉಳಿಯುತ್ತೆ ಮ್ಯಾಡಮ್, ಅಷ್ಟು ಚೆನ್ನಾಗಿರಲ್ಲ,” ಎಂದಳು ಒಬ್ಬ ಹುಡುಗಿ.

“ಎಷ್ಟರ ಉಳೀಲಿ ಬಿಡವಾ. ತುದೀಗಿರೋ ಹೆಣಮಗಳು ಪೂರಾ ಬರಬೇಕು.”

ಎರಡನೇ ಪ್ರಿಂಟಿನಲ್ಲಿ ಬಂದಳು, ಮೊರದ ಸಮೇತ. ನಾವು ಮೂವರೂ ಮುಖ ಬಿಗಿದು ನಿಂತಿದ್ದರೆ ಅವಳೊಬ್ಬಳೇ ನಗುತ್ತಿದ್ದಳು. ನಾನೇ ಖಾನಾಪುರಕ್ಕೆ ಒಯ್ದು ಕೊಟ್ಟೆ.

ಮೊಮ್ಮಗಳು ಬಗ್ಗಿ ನೋಡಿದಳು. “ಖರೇನ ನೀನಾ, ದಾದಿ? ಎಷ್ಟ ಚಂದ ಇದ್ದಿ!”

“ಇದ್ದಿ ಅಂದ್ರ? ಈಗೇನಾಗೇತಿ?” ಎಂದು ಆಪಾ ಅವಳ ತಲೆಗೊಂದು ಮೊಟಕಿದಳು. ಆಮೇಲೆ ಫೋಟೋದಲ್ಲಿ ನನ್ನ ಮೇಲೆ ಬೆರಳಿಟ್ಟಳು. “ನಡುವ ನಿಂತಾಕಿ ನೀ. ನಿಮ್ಮಕ್ಕ ಹೋದ್ಲು, ನಿಮ್ಮ ತಂಗಿ ಹೋದ್ಲು. ನೀ ಇನ್ನೂ ಕುಂತು ನಮ್ಮನಿ ಚಾ ಕುಡ್ಯಾಕತ್ತಿ. ಯಾರಿಂದ?”

“ನಿನ್ನಿಂದನ ಆಪಾ,” ಎಂದೆ. ಸೂಪರ್‌ಸ್ಟಿಷನ್ ಎಂಬ ಮಾತು ಬಾಯಿಗೆ ಬರಲೇ ಇಲ್ಲ.

ರಿಕ್ಷಾ ಓಣಿ ತಿರುಗುವಾಗ ಕೈ ಬೀಸೋಣವೆಂದು ಹೊರಳಿ ನೋಡಿದೆ. ಆಪಾ ಬಾಗಿಲಲ್ಲೇ ಇದ್ದಳು. ಕಾಯಿಪಲ್ಲೆ ಮಾರುವವಳ ಬುಟ್ಟಿ ಇಳಿಸಿ, ಸೆರಗಿನಿಂದ ಒರೆಸಿ ಒರೆಸಿ ಫೋಟೋ ತೋರಿಸುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ. ನಾನು ಅವಳನ್ನು ಕೊನೆಯ ಸಲ ಕಂಡದ್ದು ಹಾಗೆ.