ಅಮಾಸೆಬೈಲಿನ ಒಂಬತ್ತು ಜೀರುಂಡೆಗಳು

ನನ್ನ ಹೆಸರಿನ ಜೊತೆ ಸೇರಿಕೊಂಡಿರುವ ಜೀರುಂಡೆ ಪ್ರಭೇದ ಒಂದೇ ಒಂದು. ಎಳ್ಳುಕಾಳಿನಷ್ಟು ಉದ್ದ, ಹಳೆ ಬೆಲ್ಲದ ಬಣ್ಣ. ಅದನ್ನು ಮೊದಲು ವರ್ಣಿಸಿದವನು ನಾನು, ಅದಕ್ಕೆ ಅಮಾಸೆಬೈಲಿನ ಹೆಸರಿಟ್ಟವನು ನಾನು, ಅದರ ವಿಷಯದಲ್ಲಿ ಜಗತ್ತಿಗೆ ತಪ್ಪು ಹೇಳಿದವನೂ ನಾನೇ. ಮೊದಲಿನ ಎರಡನ್ನು ಊರಿಡೀ ಹೇಳಿಕೊಂಡು ತಿರುಗಿದ್ದಾಗಿದೆ. ಮೂರನೆಯದನ್ನು ಈಗ ಬರೆಯುತ್ತಿದ್ದೇನೆ.

ಬ್ರಹ್ಮಾವರದ ಹತ್ತಿರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಮನೆ ಸಾಲಿಗ್ರಾಮದಲ್ಲಿ. ನಿವೃತ್ತಿಯಾದ ಮೇಲೆ ಓರಗೆಯವರೆಲ್ಲ ದೇವಸ್ಥಾನದ ಸಮಿತಿ, ಯಕ್ಷಗಾನದ ಸಂಘ ಎಂದು ಹಂಚಿಹೋದರು. ನಾನು ಹಳೆಯ ಸೂಕ್ಷ್ಮದರ್ಶಕವೊಂದನ್ನು ಕೊಂಡು ಜಗಲಿಯ ಮೂಲೆಯಲ್ಲಿ ಕುಳಿತೆ. ದೊಡ್ಡ ಜೀರುಂಡೆಗಳಿಗೆ, ಕೊಂಬಿರುವವಕ್ಕೆ, ಹೊಳೆಯುವವಕ್ಕೆ ಎಲ್ಲ ಕಡೆ ಅಭಿಮಾನಿಗಳಿದ್ದಾರೆ. ಎಳ್ಳುಕಾಳಿನಂಥವನ್ನು ಕೇಳುವವರಿಲ್ಲ. ಒಂದೊಂದನ್ನೂ ತ್ರಿಕೋನದ ಕಾಗದದ ತುದಿಗೆ ಅಂಟಿಸಿ, ಕಾಗದಕ್ಕೆ ಸೂಜಿ ಚುಚ್ಚಿ, ಮೀಸೆಯ ಗೆಣ್ಣುಗಳನ್ನು ಎಣಿಸಬೇಕು. ಮುಂಗಾಲಿನ ಹಲ್ಲುಗಳನ್ನು ನೋಡಬೇಕು. ಗಂಡು ಹುಳುವಿನ ಹೊಟ್ಟೆಯೊಳಗಿನ ಕೂದಲೆಳೆಯಂಥ ಅಂಗವನ್ನು ಬಿಡಿಸಿ ಚಿತ್ರ ಬರೆಯಬೇಕು. ಒಂದೇ ಥರ ಕಾಣುವ ಎರಡು ಹುಳುಗಳು ಬೇರೆ ಬೇರೆ ಎಂದು ಗೊತ್ತಾಗುವುದು ಹೆಚ್ಚಾಗಿ ಅಲ್ಲಿಯೇ. ಸೂಜಿಯ ಕೆಳಗೊಂದು ಚೀಟಿ: ಎಲ್ಲಿ, ಯಾವಾಗ, ಯಾರು. ಚೀಟಿ ಇಲ್ಲದ ಹುಳು ಬರೀ ಕಸ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಚೀಟಿಯೇ ಸುಳ್ಳಾದರೆ ಏನು ಎಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಘಟ್ಟದ ಬುಡದ ಅಮಾಸೆಬೈಲಿನಲ್ಲಿ, ಬಸ್ಸು ನಿಲ್ಲುವಲ್ಲಿ ನನ್ನ ಪರಿಚಯದವರೊಬ್ಬರ ಕಿರಾಣಿ ಅಂಗಡಿಯಿದೆ. ಅಂಗಡಿಯ ಹಿಂದೆ ಅವರದೇ ಹಾಡಿ, ಅಂದರೆ ಯಾರೂ ಕಡಿಯದೆ ಬಿಟ್ಟ ಕಾಡುಮರಗಳ ಜಾಗ. ಅಲ್ಲಿ ಪ್ಲಾಸ್ಟಿಕ್ ಲೋಟಗಳನ್ನು ನೆಲಕ್ಕೆ ಸಮನಾಗಿ ಹೂತು, ಲೋಟದಲ್ಲಿ ಉಪ್ಪುನೀರು ಹಾಕಿ, ಮೇಲೆ ಒಂದು ಕೋಲಿನಿಂದ ಎರೆಯ ಗಂಟು ನೇತುಹಾಕುತ್ತಿದ್ದೆ. ವಾಸನೆಗೆ ಬಂದ ಹುಳು ಜಾರಿ ಲೋಟಕ್ಕೆ ಬೀಳಬೇಕು. ಕೊಳೆತದ್ದನ್ನು ತಿನ್ನುವ ಜೀರುಂಡೆಗಳಿಗೆ ಒಣಮೀನಿನಂಥ ಎರೆ ಇನ್ನೊಂದಿಲ್ಲ.

ನಮ್ಮದು ಮೀನು ಒಳಗೆ ಬಾರದ ಮನೆ. ಫಾರ್ಮಾಲಿನ್‌ನಲ್ಲಿ ಅದ್ದಿದ ಮೀನನ್ನು ಕಾಲೇಜಿನಲ್ಲಿ ನೂರಾರು ಸಲ ಸೀಳಿದ್ದೇನೆ. ಅಡುಗೆಗೆ ಬರುವ ಮೀನಿನ ಪರಿಚಯ ಮಾತ್ರ ಸೊನ್ನೆ. ಕೋಟದ ಪಡುಕರೆಯಿಂದ ಒಣಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸೊಬ್ಬಳು ನಮ್ಮ ಗೇಟಿನ ಮುಂದಿನಿಂದಲೇ ಆಚೆಕೇರಿಗೆ ಹೋಗುತ್ತಾಳೆ. ಅವಳನ್ನು ನಿಲ್ಲಿಸಿ, ಕಾಂಪೌಂಡ್ ಗೋಡೆಯ ಮೇಲಿನಿಂದಲೇ ನಾಲ್ಕು ಒಣಬಂಗಡೆ ತೆಗೆದುಕೊಳ್ಳುತ್ತಿದ್ದೆ. ಹೆಂಡತಿಯ ಷರತ್ತಿನಂತೆ ಪೊಟ್ಟಣ ಕಟ್ಟಿಗೆಕೊಟ್ಟಿಗೆಯಲ್ಲೇ ಇರಬೇಕು. ಅಮಾಸೆಬೈಲಿಗೆ ಹೋದ ಮೇಲೆ ಉಸಿರು ಬಿಗಿಹಿಡಿದು, ಇಕ್ಕಳದಲ್ಲಿ ಮೀನನ್ನು ಎತ್ತಿ, ತೆಳು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿಬಿಡುತ್ತಿದ್ದೆ. ಸರಿಯಾಗಿ ನೋಡುತ್ತಿರಲೂ ಇಲ್ಲ.

ಮೊದಲ ವರ್ಷವೇ, ಒಂದು ಬೆಳಿಗ್ಗೆ, ಒಂದೇ ಲೋಟದಲ್ಲಿ ಒಂಬತ್ತು ಹುಳುಗಳು. ಮನೆಗೆ ತಂದು ನೋಡಿದಾಗ ಯಾವ ಹಳೆಯ ವರ್ಣನೆಗೂ ಕೂಡಿಬರಲಿಲ್ಲ. ಅಗಲವಾದ, ಹಲ್ಲುಹಲ್ಲಾದ ಮುಂಗಾಲು, ಅಗೆಯುವುದಕ್ಕೆಂದೇ ಮಾಡಿದ್ದು. ಹೊಟ್ಟೆಯ ಕೆಳಗೆ ಕಂದು ರೋಮ. ರೋಮದ ಸಂದಿಯಲ್ಲಿ ಸಿಕ್ಕಿಕೊಂಡ ಬಿಳಿ ಕಣಗಳು ಮಾತ್ರ ನನ್ನ ಪಿತ್ತ ಕೆರಳಿಸಿದವು. ಫೋಟೋದಲ್ಲಿ ಅವು ಕಲ್ಲುಸಕ್ಕರೆಯ ಹಾಗೆ ಹೊಳೆದು ಹುಳುವೇ ಕಾಣುತ್ತಿರಲಿಲ್ಲ. ಎರಡು ದಿನ ಕೂತು, ಮಕ್ಕಳು ಚಿತ್ರ ಬರೆಯುವ ಸಣ್ಣ ಬ್ರಷ್ಷಿನಿಂದ ಒಂಬತ್ತನ್ನೂ ಒರೆಸಿದೆ. ಫೋಟೋ ಕನ್ನಡಿಯಂತೆ ಬಂತು.

ಲೇಖನ ಬರೆದು ಪತ್ರಿಕೆಗೆ ಕಳಿಸಿದೆ. ಪರಿಶೀಲಿಸಿದ ತಜ್ಞರು ವರ್ಣನೆಯನ್ನು ಮೆಚ್ಚಿದರು, ಒಂದು ಪ್ರಶ್ನೆ ಮಾತ್ರ ಕೇಳಿದರು: ಇದರ ಹತ್ತಿರದ ನೆಂಟರೆಲ್ಲ ಕಡಲ ದಂಡೆಯವು; ಇದೊಂದು ಘಟ್ಟದ ಬುಡದಲ್ಲಿ ಏನು ಮಾಡುತ್ತಿದೆ? ಆಗಲಾದರೂ ನಾನು ಒಂದು ಗಳಿಗೆ ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ಉತ್ಸಾಹದಿಂದ ಒಂದೂವರೆ ಪುಟ ಉತ್ತರ ಬರೆದೆ. ಬಹಳ ಹಿಂದೆ ಕಡಲು ಘಟ್ಟದ ಬುಡದವರೆಗೂ ಇದ್ದಿರಬಹುದು, ನೀರು ಹಿಂದೆ ಸರಿದಾಗ ಹುಳು ಅಲ್ಲೇ ಉಳಿದಿರಬಹುದು, ಮುಂಗಾಲು ಈಗ ಕಾಡಿನ ಸಡಿಲ ಮಣ್ಣಿಗೆ ಒಗ್ಗಿರಬಹುದು ಎಂದೆಲ್ಲ. ಪರಶುರಾಮ ಕೊಡಲಿ ಎಸೆದದ್ದೊಂದನ್ನು ಬಿಟ್ಟು ಬೇರೆಲ್ಲ ಅದರಲ್ಲಿತ್ತು. ತಜ್ಞರು ಒಪ್ಪಿದರು, ಲೇಖನ ಅಚ್ಚಾಯಿತು. ಪ್ರಭೇದದ ಹೆಸರು ಅಮಾಸೆಬೈಲೆನ್ಸಿಸ್ ಎಂದಾಯಿತು.

ಅಂಗಡಿಯವರ ಸಂಭ್ರಮ ನನ್ನದಕ್ಕಿಂತ ಹೆಚ್ಚು. ಫೋಟೋವನ್ನು ತಟ್ಟೆಯಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದರು. ಶಾಲೆಯ ಮಕ್ಕಳು ಬಂದು ನೋಡಿ ಹೋದರು. ಅಕ್ಕಿ ಕೊಳ್ಳಲು ಬಂದವರಿಗೂ ನಮ್ಮೂರ ಹುಳು ಎಂದು ಅದರ ಕತೆ ಹೇಳುವರು. ನಾನು ಹೋದಾಗೆಲ್ಲ ಸ್ಟೂಲು ಒರೆಸಿ ಕೂರಿಸಿ ಚಹಾ ತರಿಸುತ್ತಿದ್ದರು. ನಿಜ ಹೇಳಬೇಕೆಂದರೆ, ಅದು ನನಗೆ ಬಹಳ ಹಿತವಾಗಿತ್ತು.

ಆಮೇಲೆ ಮೂರು ವರ್ಷ ಅದೇ ಹಾಡಿಯಲ್ಲಿ ಅದೇ ಲೋಟಗಳನ್ನಿಟ್ಟೆ. ಮರಿ ಹುಳು ಹೇಗಿರುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂದು ನೋಡಬೇಕಿತ್ತು. ಸಗಣಿಹುಳು ಸಿಕ್ಕಿತು, ಇರುವೆ ಸಿಕ್ಕಿತು, ಒಮ್ಮೆ ಒಂದು ಪೆದ್ದು ಕಪ್ಪೆ ಸಿಕ್ಕಿತು. ನನ್ನ ಹುಳು ಒಂದೂ ಇಲ್ಲ. ಅಪರೂಪದ್ದು ಎಂದು ಸಮಾಧಾನ ಮಾಡಿಕೊಂಡೆ. ಅಪರೂಪದ್ದು ಎಂದಷ್ಟೂ ಬೆಲೆ ಹೆಚ್ಚು ಎಂಬ ಲೆಕ್ಕವೂ ಒಳಗೆ ಇತ್ತು.

ನಾಲ್ಕನೆಯ ವರ್ಷ, ಮಳೆ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಒಣಮೀನಿನವಳು ಗೇಟಿನ ಹತ್ತಿರ ಬುಟ್ಟಿ ಇಳಿಸಿ, ತಿನ್ನದ ಮನೆಗೆ ಇದು ಯಾತಕ್ಕೆ ಎಂದು ಕೊನೆಗೂ ಕೇಳಿದಳು. ಹುಳು ಹಿಡಿಯಲಿಕ್ಕೆ ಎಂದೆ. ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವುದನ್ನೆಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಕಟ್ಟುಕ್ ಮುಂಚೆ ಕೊಡ್ವಿ ಹಾಕ್ತ್ರಿ ಅಲ್ದಾ?"

ಇಲ್ಲ, ಯಾಕೆ ಕೊಡವಬೇಕು ಎಂದೆ. ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. ಅನ್ನ ಬೇಯಿಸುವ ಮೊದಲು ಅಕ್ಕಿ ತೊಳೆಯಬೇಕೇ ಎಂದು ಕೇಳಿದವನನ್ನು ನೋಡುವ ನೋಟ ಅದು. ಒಣಮೀನನ್ನು ಅಂಗಳದಲ್ಲೇ ನಾಲ್ಕು ಸಲ ಕೊಡವಿ, ಮರಳು ಉದುರಿಸಿ, ಆಮೇಲೆ ಒಳಗೆ ತೆಗೆದುಕೊಂಡು ಹೋಗುವುದು ಮೀನು ತಿನ್ನುವ ಮನೆಗಳಲ್ಲಿ ಸಣ್ಣ ಹುಡುಗಿಗೂ ಗೊತ್ತಿರುವ ಸಂಗತಿ. ಅವಳು ಬುಟ್ಟಿಯಿಂದ ಹಳೆಯ ಪೇಪರು ತೆಗೆದು ಗೋಡೆಯ ಮೇಲೆ ಹಾಸಿ, ಎರಡು ಬಂಗಡೆಗಳನ್ನು ಬಾಲ ಹಿಡಿದು ತಟ್ಟಿದಳು. ಬಿಳಿ ಮರಳು ಉದುರಿತು. ಮರಳಿನ ಜೊತೆ ಬಿದ್ದ ಮೂರು ಬೆಲ್ಲದ ಬಣ್ಣದ ಕಾಳುಗಳು ಎದ್ದು ನಡೆಯತೊಡಗಿದವು.

ಸೂಕ್ಷ್ಮದರ್ಶಕ ಬೇಕಾಗಲಿಲ್ಲ. ನಾಲ್ಕು ವರ್ಷ ನೋಡಿದ ಮುಂಗಾಲು.

"ಅದ್ ಹೊಯ್ಗಿ ಹುಳ, ಎಂತ ಮಾಡುದಿಲ್ಲ" ಎಂದು ಅವಳು ಪೇಪರು ಕೊಡವಲು ಹೋದಳು. ನಾನು ಅವಳ ಕೈ ತಡೆದೆ. ಹೊಯ್ಗಿ ಎಂದರೆ ನಮ್ಮ ಕಡೆ ಮರಳು. ಮೀನು ಕಡಿಮೆಯಿದ್ದಾಗ ಟಾರ್ಪಾಲಿನ ಮೇಲೆ ಒಣಗಿಸುತ್ತಾರೆ, ಒಮ್ಮೆಲೇ ಹೆಚ್ಚು ಬಂದರೆ ಮರಳಿನ ಮೇಲೆಯೇ ಹರಡುತ್ತಾರೆ, ಹುಳು ಇರುವುದು ಮರಳಿನದರಲ್ಲಿ ಮಾತ್ರ ಎಂದು ಅವಳೇ ಹೇಳಿದಳು. ಮೊದಲ ವರ್ಷ ಮರಳಿನ ಮೀನು ಕೊಟ್ಟಿದ್ದಳು; ನಡುವಿನ ವರ್ಷಗಳಲ್ಲಿ, ಸಾಲಿಗ್ರಾಮದ ಮೇಷ್ಟ್ರಿಗೆಂದು, ಟಾರ್ಪಾಲಿನ ಒಳ್ಳೆಯ ಮೀನನ್ನೇ ಆರಿಸಿ ಕೊಟ್ಟಿದ್ದಳಂತೆ; ಈ ಸಲ ಮೀನು ಹೆಚ್ಚು ಬಂದು ಮತ್ತೆ ಮರಳಿನದೇ. ನಾನು ಅಮಾಸೆಬೈಲಿನಲ್ಲಿ ಹಿಡಿದ ಒಂಬತ್ತೂ ಹುಳುಗಳು ನಾನೇ ಬಸ್ಸಿನಲ್ಲಿ ಕೂರಿಸಿಕೊಂಡು ಹೋದವು.

ಮರುದಿನ ಬೆಳಿಗ್ಗೆ ಪಡುಕರೆಯ ಕಡಲ ದಂಡೆಗೆ ಹೋದೆ. ಅವಳು ತೋರಿಸಿದಲ್ಲಿ ಮೊಣಕಾಲೂರಿ, ಬರಿಗೈಯಲ್ಲಿ ಮೀನು ಎತ್ತಿ ಪಕ್ಕಕ್ಕಿಟ್ಟು, ಮರಳು ಕೆದಕಿದೆ. ಬೇಕಾದಷ್ಟಿದ್ದವು, ಮರಿಗಳೂ ಇದ್ದವು. ಮೀನು ಒಣಗಿಸುವ ಜಾಗದಿಂದ ದೂರ, ಅಲೆ ತಂದು ಹಾಕಿದ ಕಸದ ಕೆಳಗೂ ಇದ್ದವು. ಆ ತಿಂಗಳು ಬೈಂದೂರಿನ ತನಕ ದಂಡೆ ದಂಡೆ ಹೋದೆ. ಎಲ್ಲ ಕಡೆ ಸಿಕ್ಕಿದವು. ನನ್ನ ಅಪರೂಪದ ಹುಳುವನ್ನು ಕರಾವಳಿಯ ಹೆಂಗಸರು ದಿನಾ ಬೆಳಿಗ್ಗೆ ಅಂಗಳದಲ್ಲಿ ಕೊಡವಿ ಹಾಕುತ್ತಿದ್ದರು.

ಮರಿ ಹುಳು ಕೊನೆಗೂ ಸಿಕ್ಕಿತ್ತು, ಖುಷಿಯಾಗಬೇಕಿತ್ತು. ಆಗಲಿಲ್ಲ, ನಾಚಿಕೆಯಾಯಿತು. ಆ ಒಂದೂವರೆ ಪುಟ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಂಡೆಯಲ್ಲಿಯೂ ಸಿಕ್ಕಿದೆ ಎಂದು ಒಂದು ಸಾಲು ಬರೆದರೆ ಹೊಸ ಶೋಧದ ಹೆಸರೂ ಬರುತ್ತಿತ್ತು. ಒಂದು ವಾರ ಆ ಸಾಲನ್ನೇ ತಿದ್ದಿ ತಿದ್ದಿ ಬರೆದೆ. ಬರೆದಷ್ಟು ಸಲವೂ ಅಮಾಸೆಬೈಲಿನ ಹಾಡಿ ಅದರಲ್ಲಿ ಹಾಗೇ ಉಳಿದಿರುತ್ತಿತ್ತು. ಎಂಟನೆಯ ದಿನ ಅದನ್ನು ಹರಿದು ಹಾಕಿ, ತಿದ್ದುಪಡಿಯ ಟಿಪ್ಪಣಿ ಬರೆಯಲು ಕುಳಿತೆ.

ಟಿಪ್ಪಣಿಯಲ್ಲಿ ಹುಳುವನ್ನು ತೋರಿಸಿಕೊಟ್ಟವಳೆಂದು ಅವಳ ಹೆಸರು ಹಾಕುತ್ತೇನೆ ಎಂದು ಒಣಮೀನಿನವಳಿಗೆ ಗೇಟಿನ ಹತ್ತಿರ ಹೇಳಿದೆ. ಉಪಕಾರ ಮಾಡುತ್ತಿದ್ದೇನೆ ಎಂಬ ಗತ್ತು ನನ್ನ ದನಿಯಲ್ಲಿ ಇದ್ದಿರಬೇಕು. ಅವಳ ಮುಖ ಸಣ್ಣದಾಯಿತು.

"ನನ್ನ ಮೀನಂಗೆ ಹುಳ ಇತ್ತ್ ಅಂದೇಳಿ ಬರೀಬೇಡಿ ಹ್ವಾಯ್. ನಾಳೆಯಿಂದ ನಾನ್ ಎಂತ ಮಾರುದ್?"

ಈ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಕೊನೆಗೆ, ಹುಳು ಇರುವುದು ಕಡಲ ದಂಡೆಯ ಮರಳಿನಲ್ಲಿ, ಅಮಾಸೆಬೈಲಿಗೆ ಎರೆಯ ಜೊತೆ ಹೋದದ್ದು, ಎರೆಯನ್ನು ಕೊಡವದೆ ಕಟ್ಟಿದ್ದು ಸಂಗ್ರಹಿಸಿದವನ ತಪ್ಪು ಎಂದಷ್ಟೇ ಬರೆದೆ. ಎರೆ ಎಲ್ಲಿಯದು, ಯಾರು ಕೊಟ್ಟದ್ದು ಎಂದು ಬರೆಯಲಿಲ್ಲ. ಅವಳಿಗೆ ಓದಿ ಹೇಳಿದೆ. ಅಡ್ಡಿಲ್ಲ ಎಂದು ಬುಟ್ಟಿ ಎತ್ತಿಕೊಂಡಳು.

ಟಿಪ್ಪಣಿ ಅಚ್ಚಾಗುವ ಮೊದಲು ಅಂಗಡಿಯವರಿಗೆ ನಾನೇ ಹೋಗಿ ಹೇಳಬೇಕಿತ್ತು. ಕುಂದಾಪುರದಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣ ಎನ್ನಿಸಿದ್ದು ಸುಳ್ಳಲ್ಲ. ಅವರು ಎಂದಿನಂತೆ ಸ್ಟೂಲು ಒರೆಸಿದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಒಬ್ಬರಿಗೆ ಬೆಲ್ಲ ತೂಗುತ್ತಿದ್ದರು. ತೂಗಿ, ಕಟ್ಟಿ, ಕೊಟ್ಟು ಕಳಿಸಿ ಆದ ಮೇಲೆ ಹೆಸರು ಬದಲಾಗುತ್ತದೆಯೇ ಎಂದು ಕೇಳಿದರು. ಇಲ್ಲ, ಒಮ್ಮೆ ಅಚ್ಚಾದ ಹೆಸರನ್ನು ಊರು ತಪ್ಪಿತೆಂದು ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ, ಕಡಲ ಹುಳುವಿಗೆ ಅಮಾಸೆಬೈಲಿನ ಹೆಸರೇ ಕಾಯಂ ಎಂದೆ. ಅವರು ನಗಲಿಲ್ಲ.

"ನೀವ್ ಹೇಳದಿದ್ರೆ ಯಾರಿಗಾರೂ ಗೊತ್ತಾತಿತ್ತಾ?"

"ಇಲ್ಲ."

"ಮತ್ತೆಂತಕ್ಕೆ ಹೇಳುಕ್ ಬಂದ್ರಿ?"

"ನಾಳೆ ಮತ್ಯಾರಾರೂ ಹುಡ್ಕಂಡ್ ನಿಮ್ಮ ಹಾಡಿಗೆ ಬತ್ರ್. ಸಿಕ್ಕದಿದ್ರೆ, ಇಲ್ಲಿ ಇದ್ದದ್ ನಾಶ ಆಯ್ತ್ ಅಂದೇಳಿ ಬರೀತ್ರ್."

ಅವರು ಸ್ಟೂಲಿನ ಮೇಲೆ ಹತ್ತಿ ಫೋಟೋ ಇಳಿಸಿದರು. ಹೆಗಲ ಮೇಲಿನ ಬೈರಾಸಿನಿಂದ ಧೂಳು ಒರೆಸಿ, ಪೇಪರಿನಲ್ಲಿ ಸುತ್ತಿ, ನನ್ನ ಕೈಗೆ ಕೊಟ್ಟರು. ಚಹಾದ ಮಾತು ಬರಲಿಲ್ಲ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅಷ್ಟು ಹೊತ್ತು ಅವರ ಅಂಗಡಿಯ ಎದುರೇ, ಫೋಟೋ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಒಂಬತ್ತು ಹುಳುಗಳಲ್ಲಿ ಮುಖ್ಯವಾದ ಒಂದು ದೊಡ್ಡ ಸಂಗ್ರಹಾಲಯಕ್ಕೆ ಹೋಗಿದೆ, ಎಂಟು ನನ್ನ ಪೆಟ್ಟಿಗೆಯಲ್ಲಿವೆ. ನಮ್ಮ ಕಸುಬಿನಲ್ಲಿ ಹಳೆಯ ಚೀಟಿಯನ್ನು ತೆಗೆಯುವಂತಿಲ್ಲ, ಎಷ್ಟೇ ತಪ್ಪಿರಲಿ. ಸರಿಯಾದ ಚೀಟಿಯನ್ನು ಅದರ ಕೆಳಗೆ ಚುಚ್ಚಬೇಕು. ಒಂಬತ್ತು ಹೊಸ ಚೀಟಿ ಬರೆದು, ಒಂದನ್ನು ಅಂಚೆಯಲ್ಲಿ ಕಳಿಸಿದೆ, ಎಂಟನ್ನು ನಾನೇ ಚುಚ್ಚಿದೆ.

ಫೋಟೋವನ್ನು ಒಣಮೀನಿನವಳಿಗೆ ಕೊಡೋಣವೆಂದರೆ, ಕೊಳ್ಳುವವರು ಕಂಡರೆ ಕಷ್ಟ ಎಂದು ಅವಳೂ ಬೇಡವೆಂದಳು. ಈಗ ಅದು ನಮ್ಮ ಜಗಲಿಯಲ್ಲಿ, ಸೂಕ್ಷ್ಮದರ್ಶಕದ ಎದುರಿಗೇ ಇದೆ. ಬಂದವರು ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಹೊಗಳುತ್ತಾರೆ. ಕಾಲಿನ ಒಂದೊಂದು ಹಲ್ಲು, ಹೊಟ್ಟೆಯ ಒಂದೊಂದು ರೋಮ ಎಣಿಸಬಹುದು. ಮರಳು ಒಂದು ಕಣವೂ ಇಲ್ಲ. ಅಷ್ಟು ಚೆನ್ನಾಗಿ ಒರೆಸಿದ್ದೆ.