ಸೀಟು ಹಿಡಿದ ಬ್ಯಾಗು

ಗೆಳತಿ ಎಸೆದ ಬ್ಯಾಗು ಬಸ್ಸಿನ ಕಿಟಕಿಯೊಳಗೆ ಹೋಯಿತು. ಅದರ ಪಕ್ಕದ ಜೇಬಿನಲ್ಲಿದ್ದ ನೀರಿನ ಬಾಟಲಿ ಮಾತ್ರ ಹೊರಗೆ ಬಿದ್ದು, ಉರುಳುತ್ತಾ ಬಂದು, ಬಾಳೆಹಣ್ಣಿನ ಬಂಡಿಯ ಬಳಿ ನಿಂತಿದ್ದ ನನ್ನ ಚಪ್ಪಲಿಗೆ ತಾಗಿತು. ನಾನು ಅದನ್ನು ಎತ್ತಿಕೊಂಡು ತಲೆ ಎತ್ತುವಷ್ಟರಲ್ಲಿ ಬಸ್ಸು ಹೊರಟಿತ್ತು.

ಆಂಧ್ರದ ಆದೋನಿ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದೇ ಹಾಗೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಚೀಲ, ಕೈಗೆ ಸಿಕ್ಕಿದ್ದು ಒಳಗೆ ಬೀಳುತ್ತದೆ. ಆಮೇಲೆ ಎಷ್ಟು ತಡವಾಗಿ ಹತ್ತಿದರೂ ಆ ಸೀಟು ಅವರದೇ. ಮೈಸೂರಿನ ಹಾಸ್ಟೆಲಿನಲ್ಲಿ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ನಗುತ್ತಾರೆಂಬ ಅಳುಕಿತ್ತು.

ಅಲ್ಲಿ ನನ್ನೊಂದಿಗೆ ಓದಿದ ಇಬ್ಬರು ಗೆಳತಿಯರು ಬೆನ್ನಿಗೆ ಬ್ಯಾಗು ಹಾಕಿಕೊಂಡು ಆದೋನಿ ಸುತ್ತಲು ಬಂದಿದ್ದರು. ನಾನು ಹತ್ತಿರದ ಕೌತಾಳಂನವಳಾದರೂ ಆದೋನಿ ನನಗೆ ಬಸ್ಸು ಬದಲಿಸುವ ಊರು, ಅಷ್ಟೇ. ಮೊದಲು ಹೋದ ಲಾಡ್ಜಿನವರು ಜೊತೆಗೆ ಗಂಡಸರಿಲ್ಲವೆಂದು ರೂಮು ಕೊಡಲಿಲ್ಲ. ಕೋಟೆಯ ಬೆಟ್ಟ ಇಳಿಯುವಾಗ ದಾರಿ ತಪ್ಪಿ ಯಾರದೋ ಹಿತ್ತಿಲಿಗೆ ಬಂದೆವು. ಈ ಸಂಜೆ ನಮ್ಮ ಮನೆಗೆ ಹೊರಟಿದ್ದೆವು. ಟವೆಲ್ಲುಗಳ ಹಾರಾಟ ನೋಡಿ ಖುಷಿಪಟ್ಟಿದ್ದ ಒಬ್ಬಳು ತಾನೂ ಬ್ಯಾಗು ಎಸೆದಳು. ತೆಲುಗು ಬೋರ್ಡು ಅವಳಿಗೆ ಓದಲು ಬರುವುದಿಲ್ಲ. ಅದು ಕೌತಾಳಂ ಬಸ್ಸಲ್ಲ, ಪೆದ್ದಹರಿವಾಣಂ ಬಸ್ಸು.

"ಫೋನು ಬ್ಯಾಗಲ್ಲೇ ಇದೆ ಕಣೇ, ಪವರ್ ಬ್ಯಾಂಕಿಗೆ ಹಾಕಿದ್ದೆ," ಎಂದಳು. ಅವಳ ಮುಖದ ನಗು ಹೋಗಿತ್ತು.

ಯಾಕೆಂದು ನಮಗೆ ಗೊತ್ತಿತ್ತು. ಅವಳ ಅಪ್ಪ ದಿನವೂ ದೀಪ ಹಚ್ಚುವ ಹೊತ್ತಿಗೆ ಫೋನು ಮಾಡುತ್ತಿದ್ದರು. ಈ ಪ್ರವಾಸ ಸುಸೂತ್ರವಾಗಿ ಮುಗಿದರೆ ಮಾತ್ರ ಅವಳನ್ನು ಮುಂದೆ ಓದಲು ಪುಣೆಗೆ ಕಳಿಸುವುದೆಂದು ಮಾತಾಗಿತ್ತು. ಮಗಳ ಫೋನನ್ನು ಗುರುತಿಲ್ಲದವರು ಯಾರಾದರೂ ಎತ್ತಿದರೆ ಪುಣೆಯ ಮಾತು ಅಲ್ಲಿಗೇ ಮುಗಿದಂತೆ.

ನನ್ನ ಫೋನಿನಿಂದ ಅವಳ ನಂಬರಿಗೆ ಮಾಡಿದೆ. ಬಹಳ ಹೊತ್ತಿಗೆ ಒಬ್ಬ ಮುದುಕಿ ಎತ್ತಿದಳು.

"ಎಲ್ಲಿ ಅದಿಯವ್ವಾ? ನಿನ್ನ ಸೀಟು ಕಾಯಾಕ ಹತ್ತೀನಿ ನಾ. ಬಸ್ಸು ಬಿಟ್ಟು ಎಷ್ಟೊತ್ತಾತು!" ನಾನು ಉತ್ತರಿಸುವ ಮೊದಲೇ ಇನ್ಯಾರಿಗೋ ಗದರಿದಳು: "ಏಮಯ್ಯಾ, ಸೀಟಿನ ಮ್ಯಾಲ ಬ್ಯಾಗ್ ಐತಿ, ಕಣ್ಣು ಕಾಣಲ್ದಾ? ನಿಂತ್ಕ."

ನಾನು ನಮ್ಮ ಮನೆಯ ಮಾತಿನಲ್ಲೇ ಹೇಳಿದೆ. "ನಾವು ಬಸ್ಸಿನಾಗ ಇಲ್ಲವ್ವಾ, ಆದೋನ್ಯಾಗ ಅದೀವಿ. ಆಟೋ ಮಾಡ್ಕಂಡು ಬರ್ತೀವಿ. ಪೆದ್ದಹರಿವಾಣಂನಾಗ ಬ್ಯಾಗ್ ನೀ ಇಳಿಸ್ಕೋ."

"ಯಾವೂರಾಕಿ ನೀ?"

"ಕೌತಾಳಂ."

"ಹಂಗಂದ್ರ ಸರಿ. ಬಾ."

"ಇನ್ನೊಂದವ್ವಾ. ಫೋನು ಬಂದ್ರ ಎತ್ತಬ್ಯಾಡ. ಆಕಿ ಅಪ್ಪ ಮಾಡ್ತಾನ."

"ಅಪ್ಪ ಮಾಡಿದ್ರ ಎತ್ತಬ್ಯಾಡ ಅಂತಿಯಾ? ಏನ್ ಮಾಡಿ ಓಡಿ ಬಂದೀರಿ ನೀವು?" ಎಂದು ಇಟ್ಟುಬಿಟ್ಟಳು.

ಇನ್ನೊಬ್ಬ ಗೆಳತಿ ನನ್ನನ್ನೇ ನೋಡುತ್ತಿದ್ದಳು. "ಎರಡು ವರ್ಷ ಒಂದೇ ರೂಮಲ್ಲಿದ್ವಿ. ನೀನು ಇಷ್ಟು ಮಾತಾಡಿದ್ದು ಇವತ್ತೇ," ಎಂದಳು.

ಆಟೋ ಪೆದ್ದಹರಿವಾಣಂ ತಲುಪಿದಾಗ ಬೀದಿ ದೀಪಗಳು ಹತ್ತಿದ್ದವು. ಬಸ್ಸು ನಿಲ್ಲುವಲ್ಲಿ ಕಟ್ಟೆಯ ಮೇಲೆ ಮುದುಕಿ ಕೂತಿದ್ದಳು. ಬ್ಯಾಗಿನ ಎರಡೂ ಪಟ್ಟಿಗಳಲ್ಲಿ ತೋಳು ತೂರಿಸಿ, ಅದನ್ನು ಮಗುವಿನಂತೆ ಎದೆಗೆ ಹಾಕಿಕೊಂಡಿದ್ದಳು.

"ನಿಮ್ಮಪ್ಪ ಮಾಡಿದ್ದ. ಎತ್ತಿದೆ," ಎಂದಳು, ಬ್ಯಾಗಿಗೆ ಕೈ ಚಾಚಿದ ಗೆಳತಿಗೆ.

"ಏನಂದ್ರಿ ಅಜ್ಜಿ?"

"ಏನಂತೀನಿ? ನಿನ್ನ ಮಗಳ ಸೀಟು ನಾ ಹಿಡದೀನಿ, ಆಕಿ ಹಿಂದ ಆಟೋದಾಗ ಬರಾಕ ಹತ್ಯಾಳ, ಕೌತಾಳಂ ಹುಡುಗಿ ಜೊತಿಗದಾಳ ಅಂದೆ. ಹೂಂ ಅಂದ. ನನ್ನ ಮಾತು ತಿಳೀತೋ ಇಲ್ಲೋ."

ಗೆಳತಿ ಅಪ್ಪನಿಗೆ ಫೋನು ಮಾಡಿದಳು. ಒಂದೆರಡು ಮಾತಿನ ನಂತರ ಫೋನು ನನ್ನತ್ತ ಚಾಚಿದಳು. "ನಿನ್ನ ಕೇಳ್ತಿದಾರೆ."

ನಮ್ಮ ಕಡೆಯವರಲ್ಲದ ಅಪರಿಚಿತರೊಡನೆ ಮಾತಾಡಬೇಕೆಂದರೆ ನಾನು ಫೋನನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತೇನೆ. ಅಂದು ಕೊಡಲಿಲ್ಲ. ಟವೆಲ್ಲಿನ ಪದ್ಧತಿಯಿಂದ ಶುರುಮಾಡಿ, ಬೋರ್ಡು, ಬಸ್ಸು, ಆಟೋ ಎಲ್ಲವನ್ನೂ ನಡೆದ ಹಾಗೆಯೇ ಹೇಳಿದೆ. ಏನನ್ನೂ ಮುಚ್ಚಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಮ್ಮ ಕಡೆ ಸೀಟಿನ ಮೇಲೆ ಹಾಕಿದ ವಸ್ತುವನ್ನು ಯಾರೂ ಮುಟ್ಟುವುದಿಲ್ಲ ಎಂದಾಗ, "ಯಾರೂ?" ಎಂದು ಕೇಳಿದರು.

"ಯಾರೂ," ಎಂದೆ.

"ಸರಿ ಕಣಮ್ಮ," ಎಂದರು. "ನಾಳೆ ಎಲ್ಲಿಗೆ ಹೋಗ್ತೀರಿ?"

ವಾಪಸ್ ಬನ್ನಿ ಎನ್ನಲಿಲ್ಲ. ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಗೆಳತಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಮುದುಕಿ ನಮ್ಮನ್ನು ಬಿಡಲಿಲ್ಲ. ಅವಳ ಮನೆಯಲ್ಲೇ ರೊಟ್ಟಿ ತಿಂದು, ಅವಳ ಸೊಸೆ ಹಾಸಿಕೊಟ್ಟ ಕೌದಿಯ ಮೇಲೆ ಮಲಗಿದೆವು. ಬೆಳಿಗ್ಗೆ ಬರುತ್ತೇವೆಂದು ನಮ್ಮ ಮನೆಗೆ ಫೋನು ಮಾಡಿದಾಗ ಅಮ್ಮ ಕೇಳಿದ್ದು ಒಂದೇ: "ಸೀಟು ಸಿಕ್ತೇನು?"

ಮರುದಿನ ಬೆಳಿಗ್ಗೆ ಆದೋನಿ ಬಸ್ಸಿಗೆ ಹಾಲಿನ ಕ್ಯಾನಿನವರು, ಕೂಲಿಗೆ ಹೊರಟ ಹೆಂಗಸರು ಆಗಲೇ ನೆರೆದಿದ್ದರು. ನನ್ನ ಗೆಳತಿಯರು ಬ್ಯಾಗುಗಳನ್ನು ಅವುಚಿಕೊಂಡು ಹಿಂದೆ ನಿಂತರು. ನಾನು ಬೋರ್ಡು ಓದಿದೆ. ದುಪಟ್ಟಾ ತೆಗೆದು, ಉದ್ದಕ್ಕೆ ಮಡಚಿ, ಮೂರು ಜನ ಕೂರುವ ಸೀಟು ನೋಡಿ ಕಿಟಕಿಯಿಂದ ಒಳಗೆ ಎಸೆದೆ. ಆಮೇಲೆ ಎಲ್ಲರೂ ಹತ್ತುವವರೆಗೆ ಆರಾಮವಾಗಿ ಕಾದೆ.